ಹನ್ನೊಂದು ನಿಮಿಷದ ಗಡಿಯಾರ

“ಅದನ್ನ ಒತ್ಬೇಡಿ ಮೇಡಂ.”

ಕೋಮಲಳ ಬೆರಳು ಮೌಸಿನ ಮೇಲಿತ್ತು. ಅವಳು ತಿರುಗಿ ನೋಡುವಷ್ಟರಲ್ಲಿ ಹಿಂದಿನಿಂದ ಒಂದು ಕೈ ಚಾಚಿ ಬಂದು ಕಂಪ್ಯೂಟರಿನ ಪರದೆಯನ್ನೇ ಆರಿಸಿಬಿಟ್ಟಿತು.

ಕೊಳ್ಳೇಗಾಲದ ಬಸ್ ನಿಲ್ದಾಣದ ಎದುರಿನ ಆ ಪುಟ್ಟ ಜೆರಾಕ್ಸ್ ಅಂಗಡಿಯಲ್ಲಿ ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಕೊಡುವ ಮೂರು ಕಂಪ್ಯೂಟರುಗಳಿದ್ದವು. ಆ ಕೈ ಅಂಗಡಿಯವನದೇ. ಮೂವತ್ತರೊಳಗಿನ ಪ್ರಾಯ, ತೋಳು ಮಡಿಸಿದ ಅಂಗಿ, ಬೆರಳ ತುದಿಗೆ ಅಂಟಿದ ಜೆರಾಕ್ಸ್ ಪುಡಿಯ ಕಪ್ಪು. ಹೆಸರು ಬಸವೇಶ.

ಕೋಮಲಳ ಮುಖಕ್ಕೆ ರಕ್ತ ನುಗ್ಗಿತು.

“ಏನ್ರೀ ಇದು? ಬಾಡಿಗೆ ಕೊಟ್ಟು ಕೂತಿದ್ದೀನಿ. ಇನ್ನು ಹನ್ನೊಂದೇ ನಿಮಿಷ ಇದ್ದದ್ದು. ಆಮೇಲೆ ವೆಬ್‌ಸೈಟಿನ ಆ ರಿಯಾಯಿತಿ ಹೋಗುತ್ತೆ. ಹೆಚ್ಚಿನ ದುಡ್ಡು ನೀವು ಕೊಡ್ತೀರಾ?”

“ಕೊಡ್ತೀನಿ.”

ಜಗಳಕ್ಕೆ ನಿಂತಾಗ ಎದುರಿನವರು ಹೀಗೆ ಒಪ್ಪಿಕೊಂಡುಬಿಟ್ಟರೆ ಏನು ಮಾಡುವುದು?

“ಆ ಗಡಿಯಾರ ಸುಳ್ಳು ಮೇಡಂ” ಎಂದ ಅವನು, ಈಗ ಮೆತ್ತಗೆ. “ಸೊನ್ನೆಗೆ ಬಂದ್ಮೇಲೂ ರೇಟು ಅಲ್ಲೇ ಇರ್ತದೆ. ಕಾದು ನೋಡಿ. ಇಲ್ದಿದ್ರೆ ಎಷ್ಟು ಹೆಚ್ಚಾಯ್ತೋ ಅಷ್ಟೂ ನಂದು. ಪರದೆ ಆರಿಸಿದ್ದು ತಪ್ಪೇ, ಬೈರಿ. ಆದ್ರೆ ಬಾಯಲ್ಲಿ ಹೇಳೋ ಹೊತ್ಗೆ ನೀವು ಒತ್ಬುಡ್ತಿದ್ರಿ.”

ಪರದೆ ಮತ್ತೆ ಬೆಳಗಿತು. ಮೂಲೆಯಲ್ಲಿ ಕೆಂಪು ಅಂಕಿಗಳು ಓಡುತ್ತಿದ್ದವು. ಹತ್ತು ನಿಮಿಷ, ನಲವತ್ತು ಸೆಕೆಂಡು...

ಪಕ್ಕದ ಹೋಟೆಲಿನಿಂದ ಎರಡು ಲೋಟ ಚಹಾ ಬಂತು. ಇಬ್ಬರೂ ಅಂಕಿಗಳನ್ನೇ ನೋಡುತ್ತ ಕುಳಿತರು. ಎದುರಿನ ನಿಲ್ದಾಣದಲ್ಲಿ ಹನೂರಿನ ಬಸ್ಸು ತುಂಬಿತು, ಹೊರಟಿತು. ಕೋಮಲ ಕದ್ದು ಒಮ್ಮೆ ಅವನ ಮುಖ ನೋಡಿದಳು. ಅವನಿಗೆ ಗೆಲ್ಲುವ ಆತುರವೇ ಇದ್ದಂತಿರಲಿಲ್ಲ. ಅವಳ ಲೋಟದ ಚಹಾ ಮೇಲೆ ಕೆನೆ ಕಟ್ಟಿದ್ದು ಕಂಡು ಒಂದು ಚಮಚ ತಂದು ಪಕ್ಕದಲ್ಲಿಟ್ಟು ಹೋದ, ಅಷ್ಟೇ.

ಸೊನ್ನೆ.

ಒಂದು ಕ್ಷಣ ಪರದೆ ಬಿಳಿಯಾಯಿತು. ಮತ್ತೆ ಅದೇ ಬೆಲೆ, ಅದೇ ಕೆಂಪು ಅಂಕಿ... ಹದಿನೈದು ನಿಮಿಷ.

ಅವಳಿಗೆ ನಾಚಿಕೆಯಾಯಿತು. ಮಕ್ಕಳಿಗೆ ಕಂಪ್ಯೂಟರ್ ಪಾಠ ಮಾಡುವವಳು ನಾನು, ನನಗೇ ತಿಳಿಯಲಿಲ್ಲವಲ್ಲ...

“ನನ್ನನ್ನೂ ಇಂಗೇ ಓಡ್ಸಿದ್ರು” ಎಂದ ಬಸವೇಶ, ಅವಳು ತಲೆ ತಗ್ಗಿಸುವ ಮೊದಲೇ. “ಅಂಗಡಿ ವೆಬ್‌ಸೈಟಿಗೆ ಮೂರು ವರ್ಷದ ದುಡ್ಡು ಒಟ್ಟಿಗೆ ಕಟ್ದೆ. ಮೂರೇ ತಿಂಗ್ಳಿಗೆ ಅಂಗಡಿ ಹೆಸರೇ ಬದಲಾಯ್ಸಿದೆ. ಆ ಹಳೇ ಹೆಸ್ರಿನ ವೆಬ್‌ಸೈಟು ಈಗ್ಲೂ ಎಲ್ಲೋ ಒಬ್ಬಂಟಿಯಾಗಿ ನಿಂತದೆ ಪಾಪ.”

ಕೋಮಲ ನಕ್ಕುಬಿಟ್ಟಳು. ಆ ನಗುವಿನಲ್ಲಿ ಅವಳ ಕೋಪ ಎಲ್ಲಿ ಹೋಯಿತೋ ಅವಳಿಗೇ ಗೊತ್ತಾಗಲಿಲ್ಲ.

“ಅಷ್ಟು ಆತುರ ಯಾಕೆ ನಿಮ್ಗೆ?” ಅವನು ಕೇಳಿದ.

ಅವಳ ನಗು ನಿಂತಿತು.

“ನಮ್ಮಪ್ಪನ ದನಿಗೆ” ಎಂದಳು.

*

ಅವಳ ಅಪ್ಪ ಚಿನ್ನಸ್ವಾಮಿ ಕೊಳ್ಳೇಗಾಲ, ಹನೂರು, ಮಾರ್ಟಳ್ಳಿ ದಾರಿಯ ಖಾಸಗಿ ಬಸ್ಸುಗಳಲ್ಲಿ ಮೂವತ್ತೊಂದು ವರ್ಷ ಕಂಡಕ್ಟರಾಗಿದ್ದವರು. ಕೆಲಸ ಬಿಟ್ಟು ಮೂರು ವರ್ಷವಾದರೂ ಜನ ಅವರನ್ನು ಬಿಟ್ಟಿರಲಿಲ್ಲ. ಯಾವ ಬಸ್ಸು ಎಷ್ಟು ಹೊತ್ತಿಗೆ, ಯಾವುದು ಇವತ್ತು ಕೆಟ್ಟು ನಿಂತಿದೆ, ಕೊನೆಯ ಬಸ್ಸು ಅಜ್ಜೀಪುರದಲ್ಲಿ ನಿಲ್ಲುತ್ತದೋ ಇಲ್ಲವೋ, ಎಲ್ಲಕ್ಕೂ ಅವರ ಫೋನು. ಹೆರಿಗೆಗೆ ಹೋಗುವವರು, ಪರೀಕ್ಷೆಗೆ ಹೋಗುವವರು, ಹಾಲು ಸಾಗಿಸುವವರು. ಅವರೆಂದೂ ಬೇಸರಿಸಿದವರಲ್ಲ. ಊಟದ ಕೈಯಲ್ಲೇ ಫೋನೆತ್ತಿ ಮೊಣಕೈಯಿಂದ ಕಿವಿಗೆ ಒತ್ತಿಕೊಂಡು ಹೇಳುತ್ತಿದ್ದರು.

ಈಗ ಗಂಟಲಲ್ಲಿ ಗಂಟಾಗಿತ್ತು. ಮೈಸೂರಿನ ಡಾಕ್ಟರು ಅದನ್ನು ತೆಗೆದು, ಮೂರು ತಿಂಗಳು ಒಂದು ಮಾತೂ ಆಡಕೂಡದು, ಆಡಿದರೆ ಇರುವ ದನಿಯೂ ಹೋದೀತು ಎಂದಿದ್ದರು. ಚಿನ್ನಸ್ವಾಮಿ ಒಂದು ಸ್ಲೇಟು, ಒಂದು ಪೆಟ್ಟಿಗೆ ಬಳಪ ಕೊಂಡರು. ಮನೆಯವರೊಡನೆ ಬರೆದೇ ಮಾತು. ಆದರೆ ಫೋನು ಬಡಿದುಕೊಂಡರೆ ಸಾಕು, ಸ್ಲೇಟು ಮರೆತು, “ಹಲೋ... ಏಳೂಕಾಲಕ್ಕದೆ, ಬೇಗ ಬನ್ನಿ” ಎಂದು ಪಿಸುಗುಟ್ಟಿಬಿಡುತ್ತಿದ್ದರು.

“ಫೋನು ಆಫ್ ಮಾಡಿ ಇಡಬೋದಲ್ವ?” ಬಸವೇಶ ಕೇಳಿದ.

“ಇಟ್ವಿ. ಜನ ಮನೆಗೇ ಬಂದ್ರು.”

“ಅಮ್ಮ ಎತ್ತಿದ್ರೆ?”

“ಅವ್ವ ತಪ್ಪು ಟೈಮ್ ಹೇಳ್ತಾಳೆ. ತಪ್ಪು ಕೇಳಿಸ್ಕಂಡ್ರೆ ಅಪ್ಪನ ಬಾಯಿ ತಡೆಯಲ್ಲ.”

ಅವನು ನಗಲಿಲ್ಲ. ತುಟಿ ಬಿಗಿಹಿಡಿದು ಕೇಳಿಸಿಕೊಂಡ.

ಕೋಮಲ ಯಳಂದೂರಿನ ಒಂದು ಶಾಲೆಯಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದಳು. ಬಸ್ಸಿನ ವೇಳೆಗಳನ್ನೆಲ್ಲ ಸೇರಿಸಿ ಒಂದು ವೆಬ್‌ಸೈಟು ಅವಳೇ ಬರೆದಿದ್ದಳು. ಅದನ್ನು ಎಲ್ಲರಿಗೂ ಕಾಣುವಂತೆ ಇಡಲು ಅಂತರ್ಜಾಲದಲ್ಲಿ ಬಾಡಿಗೆಯ ಜಾಗ ಬೇಕು. ಹೋಸ್ಟಿಂಗ್ ಎನ್ನುತ್ತಾರಲ್ಲ, ಅದು. ಅದೊಂದೇ ಅವಳಿಗೆ ತಿಳಿಯದ ವಿಷಯ. ಮನೆಯ ನೆಟ್ಟು ಕೈಕೊಟ್ಟಿದ್ದರಿಂದ ಈ ಅಂಗಡಿಗೆ ಓಡಿಬಂದಿದ್ದಳು.

“ಈಗ ನೀವು ಕೊಳ್ಳೋಕೆ ಹೊರಟಿದ್ರಲ್ಲ, ಅದು ಮೂವರು ಓಗೋಕೆ ಇಡೀ ಬಸ್ಸು ಬುಕ್ ಮಾಡ್ದಂಗೆ” ಎಂದ ಬಸವೇಶ. “ನಿಮ್ಗೆ ಒಂದು ಸೀಟು ಸಾಕು. ಬೇರೆಯವ್ರ ಜೊತೆ ಹಂಚ್ಕೊಳ್ಳೋ ಜಾಗ. ಅದೂ ತಿಂಗಳ ಲೆಕ್ಕದಲ್ಲಿ. ಒಂದು ಮಸಾಲೆದೋಸೆ, ಒಂದು ಕಾಫಿ, ಅಷ್ಟು ಖರ್ಚು.”

ಒಂದು ಸೀಟು ಸಾಕು...

ಮಾತು ಸರಿಯೇ ಇತ್ತು. ಆದರೂ ಕೋಮಲಳ ಎದೆಯಲ್ಲಿ ಅದು ಸಣ್ಣ ಮುಳ್ಳಿನಂತೆ ಕೂತಿತು. ಅಪ್ಪನ ಮೂವತ್ತೊಂದು ವರ್ಷಕ್ಕೆ ಒಂದೇ ಸೀಟೇ?

*

ಆಮೇಲೆ ಹದಿನೈದು ದಿನ ಅವಳು ಸಂಜೆ ಯಳಂದೂರಿನ ಬಸ್ಸಿಳಿದವಳು ನೇರ ಆ ಅಂಗಡಿಗೆ ಬರುತ್ತಿದ್ದಳು. ವಿಚಿತ್ರವೆಂದರೆ ಬಸವೇಶನ ಮನೆ ಇದ್ದದ್ದು ಯಳಂದೂರಿನಲ್ಲಿ. ಬೆಳಿಗ್ಗೆ ಅವನು ಬೈಕಿನಲ್ಲಿ ಈ ಕಡೆ, ಅವಳು ಬಸ್ಸಿನಲ್ಲಿ ಆ ಕಡೆ. ದಾರಿಯಲ್ಲಿ ಎಲ್ಲಿ ಎದುರಾಗುತ್ತೇವೆಂದು ಇಬ್ಬರೂ ಲೆಕ್ಕ ಹಾಕಿಕೊಂಡಿದ್ದರು. ಇಬ್ಬರೂ ಅದನ್ನು ಇನ್ನೊಬ್ಬರಿಗೆ ಹೇಳಿರಲಿಲ್ಲ.

ಅವನು ಕಲಿಸುವ ರೀತಿಯೇ ಬೇರೆ. ಮೊದಲ ವರ್ಷದ ಬೆಲೆಯನ್ನು ಬೋರ್ಡಿನಷ್ಟು ದೊಡ್ಡದಾಗಿ ಬರೆದು, ಎರಡನೇ ವರ್ಷದ್ದನ್ನು ಇರುವೆ ಸಾಲಿನ ಹಾಗೆ ಕೆಳಗೆ ಬರೆದಿರುತ್ತಾರೆ, ಅದನ್ನು ಮೊದಲು ಓದಿ ಎಂದ. ವೆಬ್‌ಸೈಟಿನ ಹೆಸರು, ಅದರ ಖಾತೆ ಎರಡೂ ನಿಮ್ಮ ಹೆಸರಿನಲ್ಲೇ ಇರಬೇಕು, ಅಂಗಡಿಯವರ ಹೆಸರಿನಲ್ಲಿ ಯಾವತ್ತೂ ಬೇಡ ಎಂದ. “ನನ್ನ ಹೆಸರಲ್ಲೂ ಬೇಡ. ನಾಳೆ ನಾನು ಕೆಟ್ಟವನಾದ್ರೆ?”

“ಆಗ್ತೀರಾ?”

“ಇನ್ನೂ ಯೋಚ್ನೆ ಮಾಡಿಲ್ಲ.”

ಒಂದು ಸಂಜೆ ಮೂರು ಕಂಪನಿಗಳ ಸಹಾಯದ ನಂಬರಿಗೆ ಅವಳ ಎದುರೇ ಫೋನು ಮಾಡಿದ. ಕಷ್ಟ ಬಂದಾಗ ಎತ್ತುವವರು ಯಾರು ಎಂದು ಕೊಳ್ಳುವ ಮೊದಲೇ ನೋಡಬೇಕಂತೆ. ಒಂದು ಕಡೆ ಬರೀ ಸಂಗೀತ. ಇನ್ನೊಂದು ಕಡೆ ಒಂದು ಒತ್ತಿ, ಎರಡು ಒತ್ತಿ ಎನ್ನುತ್ತಲೇ ಕರೆ ಸತ್ತುಹೋಯಿತು. ಮೂರನೆಯ ಕಡೆ ಒಬ್ಬ ಹೆಂಗಸು ಎತ್ತಿ, “ಒಂದ್ನಿಮಿಷ ತಡೀರಿ ಸರ್, ಬಾಯಲ್ಲಿ ಬಿಸ್ಕತ್ತಿದೆ” ಅಂದಳು.

“ಇವ್ರೇ ಸರಿ” ಎಂದರು ಇಬ್ಬರೂ ಒಟ್ಟಿಗೆ.

ದಿನಕ್ಕೆ ಎಷ್ಟು ಜನ ನೋಡಬಹುದು ಎಂದು ತಿಳಿಯಲು ಅಪ್ಪನಿಗೆ ಬರುವ ಕರೆಗಳನ್ನು ಎಣಿಸಬೇಕಿತ್ತು. ಚಿನ್ನಸ್ವಾಮಿ ತಮ್ಮ ಹಳೆಯ ಟಿಕೆಟ್ ಪಂಚು ಹುಡುಕಿ ತೆಗೆದರು. ದಿನಕ್ಕೊಂದು ಹಳೇ ಟಿಕೆಟ್ಟು, ಕರೆಗೊಂದು ತೂತು. ಹದಿನೈದು ಟಿಕೆಟ್ಟುಗಳನ್ನು ಕೋಮಲ ಮೇಜಿನ ಮೇಲೆ ಸಾಲಾಗಿ ಜೋಡಿಸಿದಳು. ಒಂದರಲ್ಲಿ ಮಾತ್ರ ತೂತೇ ಇರಲಿಲ್ಲ.

“ಇದು ಅಮಾವಾಸ್ಯೆ ದಿನದ್ದು” ಎಂದಳು.

“ಅಮಾಸೆ ದಿನ ಬೆಟ್ಟದ ಬಸ್ಸುಗಳು ಸಾಲಾಗಿ ನಿಂತಿರ್ತವೆ. ಟೈಮ್ ಯಾರು ಕೇಳ್ತಾರೆ ಬಿಡಿ” ಎಂದ ಬಸವೇಶ.

“ಹೌದಲ್ವಾ” ಎಂದಳು ಅವಳು.

ಇಬ್ಬರೂ ಬುದ್ಧಿವಂತರೇ. ಆದರೆ ಆ ಹೊತ್ತಿನಲ್ಲಿ ಅವನು ನೋಡಿದ್ದು ತೂತುಗಳನ್ನು, ಅವಳು ನೋಡಿದ್ದು ಅವನನ್ನು. ಅಮಾವಾಸ್ಯೆ ದಿನ ಚಿನ್ನಸ್ವಾಮಿ ಫೋನನ್ನು ಮನೆಯಲ್ಲೇ ಬಿಟ್ಟು, ನಸುಕಿನಿಂದ ನಿಲ್ದಾಣದಲ್ಲೇ ನಿಂತು, ಮಾದಪ್ಪನ ಬೆಟ್ಟಕ್ಕೆ ಹೋಗುವ ಸಾವಿರ ಜನಕ್ಕೆ ಎದುರೆದುರೇ ದಾರಿ ಹೇಳುತ್ತಿದ್ದರು. ಮೂವತ್ತು ವರ್ಷದ ರೂಢಿ. ಮಾತು ನಿಂತ ಮೇಲೂ ಸ್ಲೇಟು ಹಿಡಿದು ಹೋಗಿದ್ದರು. ಅದಕ್ಕೇ ಆ ಟಿಕೆಟ್ಟು ಖಾಲಿ. ತಿಂಗಳಲ್ಲೇ ಹೆಚ್ಚು ಜನ ಕೇಳುವ ದಿನ ಟಿಕೆಟ್ಟಿನ ಮೇಲೆ ಸೊನ್ನೆಯಾಗಿ ಕೂತಿತ್ತು.

ಖಾತೆ ತೆರೆದ ದಿನ ಪಾಸ್‌ವರ್ಡ್ ಬರೆಯಬೇಕಾಯಿತು. ಬಸವೇಶ ಕುರ್ಚಿಯನ್ನು ಪೂರ್ತಿ ರಸ್ತೆಯ ಕಡೆ ತಿರುಗಿಸಿ ಕೂತ. ತಾನು ನೋಡುತ್ತಿಲ್ಲವೆಂದು ಅವಳಿಗೆ ಖಾತ್ರಿಯಾಗಲೆಂದು, ನಿಲ್ದಾಣದಲ್ಲಿದ್ದ ಬಸ್ಸುಗಳ ಬೋರ್ಡುಗಳನ್ನು ಗಟ್ಟಿಯಾಗಿ ಓದತೊಡಗಿದ. “ಹನೂರು... ರಾಮಾಪುರ... ಚಾಮರಾಜನಗರ...”

ಅವಳು ಏನನ್ನೋ ಬರೆದಳು. ಬರೆದು, ತಾನೇ ಕೆಂಪಾದಳು.

“ಆಯ್ತಾ?”

“ಆಯ್ತು.”

“ಯಾರ್ಗೂ ಹೇಳ್ಬೇಡಿ.”

ಹೇಳುವ ಧೈರ್ಯ ನನಗಿದ್ದಿದ್ದರೆ... ಎಂದುಕೊಂಡಳು ಕೋಮಲ.

ಅಂದೇ ಅವಳು ಪರ್ಸು ತೆರೆದು, “ನಿಮ್ಮ ಫೀಸು ಎಷ್ಟು?” ಎಂದು ಕೇಳಿದಳು.

“ಅಯ್ಯೋ ಬಿಡಿ. ಇಷ್ಟು ಸಣ್ಣ ಕೆಲ್ಸಕ್ಕೆ ದುಡ್ಡು ಯಾಕೆ?”

ಸಣ್ಣ ಕೆಲಸ. ಎದೆಯ ಮುಳ್ಳು ಮತ್ತೆ ಚುಚ್ಚಿತು. ದುಡ್ಡು ಕೇಳುವಷ್ಟೂ ದೊಡ್ಡದಲ್ಲವೇ ಇವರ ಲೆಕ್ಕದಲ್ಲಿ? ಹಾಗಾದರೆ ಈ ಹದಿನೈದು ಸಂಜೆಗಳು? ಅವಳು ಪರ್ಸು ಮುಚ್ಚಿ, “ಥ್ಯಾಂಕ್ಸ್” ಎಂದಷ್ಟೇ ಹೇಳಿ ಹೊರಟಳು.

ಮರುದಿನ ಅವಳು ಬರಲಿಲ್ಲ. ಎರಡು ವಾರ ಬರಲಿಲ್ಲ. ಬಸವೇಶ ದಿನಾ ಸಂಜೆ ಯಳಂದೂರಿನ ಬಸ್ಸು ಬರುವ ಹೊತ್ತಿಗೆ ಬಾಗಿಲ ಬಳಿಯ ಧೂಳು ಗುಡಿಸುತ್ತಿದ್ದ. ಇಲ್ಲದ ಧೂಳು.

*

ವೆಬ್‌ಸೈಟು ಮಾತ್ರ ಚೆನ್ನಾಗಿ ನಡೆಯಿತು. ಹಳೆಯ ಕಂಡಕ್ಟರುಗಳು ಅದರ ವಿಳಾಸದ ಚೀಟಿಯನ್ನು ಬಸ್ಸುಗಳ ಕಿಟಕಿಗೆ ಅಂಟಿಸಿದರು. ದಿನದ ಕರೆಗಳು ಐವತ್ತರಿಂದ ನಾಲ್ಕಕ್ಕಿಳಿದವು. ಚಿನ್ನಸ್ವಾಮಿ ಎಷ್ಟೋ ವರ್ಷಗಳ ಮೇಲೆ ಮಧ್ಯಾಹ್ನ ನಿದ್ದೆ ಮಾಡಿದರು. ಅವರ ಹೆಂಡತಿ ಶಿವರತ್ನಮ್ಮ, “ಮನೇಲಿ ಗಂಡಸು ಅವ್ನೆ ಅಂತ್ಲೇ ಗೊತ್ತಾಯ್ತಿಲ್ಲ ಕಣವ್ವ, ಅಷ್ಟು ನೆಮ್ದಿ” ಎಂದು ಮಗಳಿಗೆ ಹೇಳಿದರು.

ಮತ್ತೆ ಅಮಾವಾಸ್ಯೆ ಬಂತು. ಭಾನುವಾರ. ಗಂಡ ನಿಲ್ದಾಣಕ್ಕೆ ಹೋಗಿ ಧೂಳು ಕುಡಿಯಬಾರದೆಂದು ಶಿವರತ್ನಮ್ಮ ಹಿಂದಿನ ದಿನವೇ ಅವರ ಚಪ್ಪಲಿಯನ್ನು ರಾಗಿ ಡ್ರಮ್ಮಿನ ಹಿಂದೆ ಬಚ್ಚಿಟ್ಟಿದ್ದರು.

ಕೋಮಲಳಿಗೆ ಎಚ್ಚರವಾದಾಗ ಆರೂವರೆ. ಆರಿಸಿ ಚಾರ್ಜಿಗಿಟ್ಟಿದ್ದ ಫೋನನ್ನು ಹೊತ್ತಿಸಿದಳು. ಸಂದೇಶಗಳ ಸುರಿಮಳೆ. ಮಿಸ್, ಬಸ್ಸಿಂದು ತೆಗೀತಿಲ್ಲ. ಅಕ್ಕ, ಓಪನ್ ಆಯ್ತಿಲ್ಲ...

ತಾನೇ ತೆರೆದು ನೋಡಿದಳು. ಅಪ್ಪನ ವೇಳಾಪಟ್ಟಿ ಇರಬೇಕಾದ ಕಡೆ ಒಂದೇ ಸಾಲು. ನಿಗದಿಪಡಿಸಿದ ಮಿತಿ ಮೀರಿದೆ.

ಇವತ್ತೇ... ಇಷ್ಟು ಜನ ಇರುವ ದಿನವೇ. ಈಗ ಎಲ್ಲರೂ ಅಪ್ಪನಿಗೆ ಫೋನು ಮಾಡುತ್ತಾರೆ. ಅಪ್ಪ ಎತ್ತುತ್ತಾರೆ. ಐವತ್ತೆರಡು ದಿನ ಕಾಪಾಡಿದ ದನಿ ಒಂದು ಬೆಳಗಿನಲ್ಲಿ...

ಬಸವೇಶನಿಗೆ ಕರೆ ಮಾಡಿದಳು. ಲೈನು ಬಿಡುವಿಲ್ಲ. ಮತ್ತೆ ಮಾಡಿದಳು. ಒಂಬತ್ತು ಸಲವೂ ಅದೇ.

ಒಂದು ಸೀಟು ಸಾಕು ಅಂದವರು ಇವರೇ. ಈಗ ಫೋನಿಗೂ ಸಿಗುತ್ತಿಲ್ಲ. ಸಣ್ಣ ಕೆಲಸ ತಾನೇ, ಯಾಕೆ ಎತ್ತುತ್ತಾರೆ...

ಜಗಲಿಯಲ್ಲಿ ಚಿನ್ನಸ್ವಾಮಿ ಕುಳಿತಿದ್ದರು. ಮಗಳನ್ನು ಕಂಡದ್ದೇ ಎದ್ದು ಸ್ಲೇಟು ಎತ್ತಿ ಹಿಡಿದರು. ಅದರ ತುಂಬ ಅಕ್ಷರ.

“ಅಪ್ಪಾ, ಆಮೇಲೆ. ನೀವು ಮಾತಾಡ್ಬೇಡಿ. ಬರೀಲೂ ಬೇಡಿ. ಫೋನ್ ಬಂದ್ರೆ ಎತ್ಬೇಡಿ.”

“ಫೋನೇ ಬಂದಿಲ್ಲ ಕಣವ್ವ ಬೆಳಿಗ್ಗೆಯಿಂದ” ಎಂದರು ಒಳಗಿನಿಂದ ಶಿವರತ್ನಮ್ಮ. “ಕಾಪಿ ಕುಡ್ಕಂಡು ಓಗು.”

ಕೋಮಲ ಆಗಲೇ ಗೇಟು ದಾಟಿದ್ದಳು. ಚಿನ್ನಸ್ವಾಮಿ ಸ್ಲೇಟು ಆಡಿಸುತ್ತ ಬರಿಗಾಲಲ್ಲಿ ಗೇಟಿನವರೆಗೂ ಓಡಿದರು. ಕೂಗಲಾರದೆ ಸ್ಲೇಟಿನ ಮೇಲೆ ಬಳಪದಿಂದ ಟಕಟಕ ಬಡಿದರು. ಅವಳಿಗೆ ಅದು ಕೇಳಿಸಲಿಲ್ಲ.

ಸ್ಲೇಟಿನಲ್ಲಿ ಇದ್ದದ್ದಿಷ್ಟು: ಬಸವೇಶ ಐದೂವರೆಗೇ ಬಂದಿದ್ದ. ನನಗೆ ಬರುವ ಕರೆಗಳನ್ನೆಲ್ಲ ಅವನ ಫೋನಿಗೆ ತಿರುಗಿಸಿಕೊಂಡಿದ್ದಾನೆ. ನೀನು ಪಾಸ್‌ವರ್ಡ್ ಹಾಕಿದರೆ ಸರಿಹೋಗುತ್ತಂತೆ. ನೀನು ಮಲಗಿದ್ದೀಯ ಅಂತ ಎಬ್ಬಿಸಬೇಡಿ ಅಂದ.

*

ಅಂಗಡಿಯ ಹೊರಗೆ ಬೆಟ್ಟಕ್ಕೆ ಹೊರಟವರು ಹತ್ತಾರು ಜನ. ಅಮಾವಾಸ್ಯೆ ದಿನ ಬಸವೇಶ ನಾಲ್ಕೂವರೆಗೇ ಬಾಗಿಲು ತೆಗೆದು, ಯಾತ್ರೆಯವರು ಪುಕ್ಕಟೆಯಾಗಿ ಫೋನು ಚಾರ್ಜು ಮಾಡಿಕೊಳ್ಳಲೆಂದು ಒಂದು ಉದ್ದನೆಯ ಪ್ಲಗ್ ಬೋರ್ಡನ್ನು ಮೆಟ್ಟಿಲ ಮೇಲಿಡುತ್ತಿದ್ದ. ವೆಬ್‌ಸೈಟು ನಿಂತದ್ದು ಅವನಿಗೆ ತಿಳಿದದ್ದೂ ಅವರಿಂದಲೇ.

ಕೋಮಲ ಜನರ ನಡುವೆ ನುಗ್ಗಿ ಬಾಗಿಲಿಗೆ ಬಂದಳು. ಹೇಳಬೇಕಾದ ಮಾತುಗಳೆಲ್ಲ ನಾಲಿಗೆಯ ತುದಿಯಲ್ಲಿದ್ದವು.

ಅಲ್ಲೇ ನಿಂತುಬಿಟ್ಟಳು.

ಬಸವೇಶ ಅವಳಿಗೆ ಬೆನ್ನು ಮಾಡಿ ಕೂತಿದ್ದ. ಮುಂದೆ ಅವಳ ಅಪ್ಪನ ವೇಳಾಪಟ್ಟಿಯ ಜೆರಾಕ್ಸು ಹರಡಿತ್ತು. ಫೋನಿನ ಸ್ಪೀಕರು ಹಾಕಿ, ಒಂದು ಕೈಯಲ್ಲಿ ಗಂಟಲು ಹಿಡಿದುಕೊಂಡು ಮಾತಾಡುತ್ತಿದ್ದ. ಅದು ಅವನ ದನಿಯೇ ಅಲ್ಲ. ಒಡೆದ, ಗೊರಗೊರ ದನಿ.

“ಅಜ್ಜೀಪುರಕ್ಕಾ? ಏಳೂವರೆಗದೆ ತಾಯಿ. ಮಕ್ಳಿದ್ರೆ ಮುಂದ್ಗಡೆ ಸೀಟಲ್ಲೇ ಕೂತ್ಕಳಿ.”

ಅದು ಮುಗಿಯುವ ಮೊದಲೇ ಇನ್ನೊಂದು.

“ಅಣ್ಣಾ, ಮಾರ್ಟಳ್ಳಿ ಬಸ್ಸು ಓಯ್ತಾ? ನಾನ್ ಇಂಗೇ ರೋಡಲ್ಲೇ ನಿಂತಿವ್ನಿ.”

“ಇಲ್ಲ, ಇನ್ನೂ ಇಲ್ಲೇ ಅದೆ. ಹತ್ನಿಮಿಷ. ನಿಂತಿರಿ.”

ಮತ್ತೊಂದು. ಈ ಸಲ ಮುದುಕಿಯ ದನಿ.

“ಚಿನ್ನಸ್ವಾಮಣ್ಣ ಅಲ್ವಾ?”

“ಅಲ್ಲ ಅಜ್ಜಿ. ಅವ್ರಿಗೆ ಗಂಟ್ಲು ಸರಿಯಿಲ್ಲ. ನಾನು ಅವ್ರ ಕಡೇವ್ನು.”

“ಕಡೇವ್ನು ಅಂದ್ರೆ? ಮಗ್ನಾ, ಅಳಿಯ್ನಾ?”

ಬಸವೇಶ ಉತ್ತರಕ್ಕೆ ತಡಕಾಡುತ್ತ ಇತ್ತ ತಿರುಗಿದ. ಬಾಗಿಲಲ್ಲಿ ಕೋಮಲ.



“ಮಾತಾಡು ಮಗ, ಬಾಯಿಗೇನಾಯ್ತು?” ಎಂದಿತು ಫೋನು.

“ಬಸ್ಸಿಂದು ಕೇಳಿ ಅಜ್ಜಿ...”

ಕೋಮಲಳಿಗೆ ಎಲ್ಲವೂ ಅರ್ಥವಾಯಿತು. ಅಪ್ಪನ ಫೋನು ಯಾಕೆ ಸುಮ್ಮನಿತ್ತು, ಇವನ ಫೋನು ಯಾಕೆ ಸಿಗಲಿಲ್ಲ, ಅಪ್ಪ ಯಾಕೆ ಸ್ಲೇಟು ಎತ್ತಿ ಹಿಡಿದರು... ಅವಳ ಕಣ್ಣು ತುಂಬಿಬಂತು. ನಾಲಿಗೆಯ ತುದಿಯಲ್ಲಿದ್ದ ಮಾತು ಒಂದೂ ಉಳಿಯಲಿಲ್ಲ.

“ಎಷ್ಟು ಹೊತ್ತಿಂದ ಮಾತಾಡ್ತಿದ್ದೀರಿ?”

“ಐದೂವರೆಯಿಂದ” ಎಂದ, ಅರ್ಧ ಗಾಳಿಯೇ ಆದ ದನಿಯಲ್ಲಿ. “ನೂರಿಪ್ಪತ್ತು ಕರೆ ಆಯ್ತು. ತೂತು ಹೊಡೆಯೋಕೆ ಪಂಚು ಇರ್ಲಿಲ್ಲ.”

“ನಂಗೆ ಯಾಕೆ ಹೇಳ್ಲಿಲ್ಲ?”

“ಮೊದ್ಲು ನಿಮ್ದು ಆಫ್ ಇತ್ತು. ಮನೇಗ್ ಬಂದ್ರೆ ಮಲಗಿದ್ರಿ. ವಾರವೆಲ್ಲ ಬಸ್ಸಲ್ಲಿ ನಿಂತ್ಕಂಡೇ ಓಡಾಡ್ತೀರ, ಇನ್ನರ್ಧ ಗಂಟೆ ಮಲಗ್ಲಿ ಅನ್ನಿಸ್ತು. ಆಮೇಲೆ ಮಾಡ್ದಾಗ ನಿಮ್ದೂ ಬಿಜಿ.”

“ನಿಮಗೇ ಮಾಡ್ತಿದ್ದೆ” ಎಂದಳು ಕೋಮಲ. ಅಳುವಿನ ನಡುವೆಯೇ ನಗು ಬಂತು.

“ತಪ್ಪು ನಂದು. ಅಮಾಸೆ ದಿನದ ಸೊನ್ನೆ ನೋಡಿ ನಾನು ಅರ್ಥ ಮಾಡ್ಕಬೇಕಿತ್ತು. ಬೇಗ ಪಾಸ್‌ವರ್ಡ್ ಹಾಕಿ. ತಿಂಗಳ ಲೆಕ್ಕದಲ್ಲಿ ತಗಂಡಿದ್ದಕ್ಕೆ ಬಚಾವು. ಇವತ್ತೇ ದೊಡ್ಡ ಜಾಗಕ್ಕೆ ಬದಲಾಯ್ಸಿ, ಬೇಡ ಅಂದ್ರೆ ಮುಂದಿನ ತಿಂಗ್ಳು ಮತ್ತೆ ಇಳಿಸ್ಬೋದು. ಆದ್ರೆ ಖಾತೆ ನಿಮ್ದು. ನನ್ ಕೈಲಿ ಏನೂ ಆಗಲ್ಲ.”

ಅವಳು ಕಂಪ್ಯೂಟರಿನ ಮುಂದೆ ಕೂತಳು. ಬಸವೇಶ ರೂಢಿಯಂತೆ ಕುರ್ಚಿಯನ್ನು ರಸ್ತೆಯ ಕಡೆ ತಿರುಗಿಸಿದ. ಆ ಒಡೆದ ಗಂಟಲಲ್ಲೇ ಬೋರ್ಡು ಓದಲು ಹೊರಟ. “ಹನೂ...”

“ತಿರುಗ್ಬೇಡಿ” ಎಂದಳು ಕೋಮಲ.

“ಏನು?”

“ಈ ಸಲ ನೋಡಿ.”

ಅವಳು ಪಾಸ್‌ವರ್ಡ್ ಬರೆದಳು. ಪರದೆಯ ಮೇಲೆ ಬರೀ ಚುಕ್ಕಿಗಳು ಬಿದ್ದವು. ಅವಳು ಪಕ್ಕದಲ್ಲಿದ್ದ ಕಣ್ಣಿನ ಗುರುತನ್ನು ಒತ್ತಿದಳು. ಚುಕ್ಕಿಗಳೆಲ್ಲ ಇಂಗ್ಲಿಷ್ ಅಕ್ಷರಗಳಾದವು. ಅಕ್ಷರ ಇಂಗ್ಲಿಷಿನವು, ಮಾತು ಕನ್ನಡದ್ದು.

ಹನ್ನೊಂದು ನಿಮಿಷ.

ಬಸವೇಶ ಒಮ್ಮೆ ಓದಿದ. ಇನ್ನೊಮ್ಮೆ ಓದಿದ. ಫೋನು ಬಡಿದುಕೊಳ್ಳುತ್ತಲೇ ಇತ್ತು, ಅವನಿಗದು ಕೇಳಿಸಲಿಲ್ಲ.

ಕೊನೆಗೆ ಕೋಮಲಳೇ ಫೋನು ಎತ್ತಿಕೊಂಡಳು. ಕಂಡಕ್ಟರರ ಮಗಳಲ್ಲವೇ, ಪಟ್ಟಿ ನೋಡುವುದೇ ಬೇಕಾಗಲಿಲ್ಲ. “ಹಲೋ, ಹೇಳಿ ಅಣ್ಣ... ರಾಮಾಪುರಕ್ಕಾ? ಏಳೂಮುಕ್ಕಾಲಿಗಿದೆ.” ಇನ್ನೊಂದು ಕೈಯಲ್ಲಿ ದೊಡ್ಡ ಜಾಗದ ಗುಂಡಿ ಒತ್ತಿದಳು. ಬದಲಾವಣೆಗೆ ಸುಮಾರು ಹದಿನೈದು ನಿಮಿಷ ಬೇಕಾಗಬಹುದು ಎಂದಿತು ಪರದೆ.

ಬಸವೇಶ ಎದ್ದುಹೋಗಿ ಪಕ್ಕದ ಹೋಟೆಲಿನಿಂದ ಎರಡು ಲೋಟ ಚಹಾ ತಂದ. ಅವಳ ಲೋಟದ ಕೆನೆಯನ್ನು ತಾನೇ ತೆಗೆದು ಕೊಟ್ಟ. ಬಾಯಿ ತೆರೆಯಲು ಹೋದ.

“ಮಾತಾಡ್ಬೇಡಿ. ನಮ್ಮನೇಲಿ ಒಬ್ರಿಗೆ ಗಂಟಲು ಕೆಟ್ಟಿರೋದು ಸಾಕು” ಎಂದಳು ಕರೆಯ ನಡುವೆ.

ನಮ್ಮನೇಲಿ... ಆ ಪದವನ್ನು ಅವನು ಒಳಗೇ ಇನ್ನೊಮ್ಮೆ ಹೇಳಿಕೊಂಡ. ಒಂದು ಹಾಳೆ ತೆಗೆದುಕೊಂಡು ಬರೆದ. ಬಹಳ ಹೊತ್ತು ಬರೆದರೂ ಹಾಳೆಯಲ್ಲಿ ಇದ್ದದ್ದು ಸ್ವಲ್ಪವೇ.

“ಸಣ್ಣ ಕೆಲಸ ಅಂದದ್ದು ನಾನು ಮಾಡಿದ್ದಕ್ಕೆ. ನೀವು ಮಾಡಿದ್ದಕ್ಕಲ್ಲ. ನಿಮ್ಮ ಹತ್ತಿರ ದುಡ್ಡು ತಗೊಂಡರೆ ಲೆಕ್ಕ ಮುಗಿದುಹೋಗುತ್ತಿತ್ತು. ಮುಗಿಯೋದು ನನಗೆ ಬೇಕಿರಲಿಲ್ಲ. ಎರಡು ವಾರ ಬಾಗಿಲು ಗುಡಿಸಿದೆ.”

ಕೋಮಲ ಓದಿದಳು. ಫೋನಿನ ಆ ಕಡೆಯವರು, “ಹಲೋ, ಹಲೋ, ಇದೀರಾ?” ಎನ್ನುತ್ತಿದ್ದರು.

“ಇದೀನಿ” ಎಂದಳು ಅವಳು, ಬಸವೇಶನನ್ನೇ ನೋಡುತ್ತ.

ವೆಬ್‌ಸೈಟು ಹದಿಮೂರನೇ ನಿಮಿಷಕ್ಕೆ ತೆರೆದುಕೊಂಡಿತು. ಮೆಟ್ಟಿಲ ಮೇಲೆ ಕೂತಿದ್ದವರಲ್ಲಿ ಯಾರೋ, “ಬಂತು ಕಣ್ಲಾ, ಬಂತು” ಎಂದರು. ಸ್ವಲ್ಪ ಹೊತ್ತಿಗೆ ಫೋನು ತಾನಾಗಿಯೇ ಸುಮ್ಮನಾಯಿತು.

“ಈಗ ಪಾಸ್‌ವರ್ಡ್ ಬದಲಾಯ್ಸಿ” ಎಂದು ಬಸವೇಶ ಗೊರಗುಟ್ಟಿದ. “ಇನ್ನೊಬ್ರು ನೋಡಿದ್ದನ್ನ ಇಟ್ಕಬಾರ್ದು.”

“ಇನ್ನೊಬ್ರು ಯಾರೂ ನೋಡ್ಲಿಲ್ವಲ್ಲ.”

ಬಸವೇಶ ಖಾಲಿ ಲೋಟಗಳನ್ನು ಎತ್ತಿಟ್ಟ.

ಅಷ್ಟರಲ್ಲಿ ಬಾಗಿಲಲ್ಲಿ ಟಕಟಕ ಸದ್ದಾಯಿತು. ಚಿನ್ನಸ್ವಾಮಿ ನಿಂತಿದ್ದರು. ಕಾಲಲ್ಲಿ ಹೆಂಡತಿಯ ಹಸಿರು ಹವಾಯಿ ಚಪ್ಪಲಿ, ಅರ್ಧ ಹಿಮ್ಮಡಿ ಹೊರಗೆ. ಕೈಯಲ್ಲಿ ಸ್ಲೇಟು. ಅವರು ಮಗಳ ಒದ್ದೆ ಕಣ್ಣು ನೋಡಿದರು, ಬಸವೇಶನ ಕತ್ತಿನವರೆಗೂ ಕೆಂಪಾದ ಮುಖ ನೋಡಿದರು, ಪರದೆಯ ಮೇಲೆ ತಮ್ಮ ಬಸ್ಸುಗಳು ಸಾಲಾಗಿ ನಿಂತಿರುವುದನ್ನೂ ನೋಡಿದರು. ಮೂವತ್ತೊಂದು ವರ್ಷ ಜನರ ಮುಖ ನೋಡಿಯೇ ಇಳಿಯುವ ಸ್ಟಾಪು ಹೇಳಿದವರು. ಬಹಳ ಯೋಚಿಸಲಿಲ್ಲ.

ಅಂಗಿಯ ತೋಳಿನಿಂದ ಸ್ಲೇಟು ಒರೆಸಿ ನಿಧಾನವಾಗಿ ಬರೆದರು.

“ಹುಡುಗನ ಮನೆ ಎಲ್ಲಿ?”

“ಯಳಂದೂರು ಸಾ” ಎಂದ ಬಸವೇಶ.

ಮತ್ತೆ ಒರೆಸಿದರು. ಮತ್ತೆ ಬರೆದರು. ಬರೆದು ಇಬ್ಬರಿಗೂ ಕಾಣುವಂತೆ ಎದೆಗೆ ಆನಿಸಿ ಹಿಡಿದರು.

“ನನ್ನ ದನಿ ಬರಲಿ. ಮೊದಲನೇ ಮಾತು ಯಳಂದೂರಿಗೆ ಬಂದು ನಿಮ್ಮ ತಾಯಿ ಹತ್ತಿರ ಆಡ್ತೀನಿ.”

ಕೋಮಲ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಚಿನ್ನಸ್ವಾಮಿ ಸದ್ದಿಲ್ಲದೆ ನಕ್ಕು, ಹಸಿರು ಚಪ್ಪಲಿ ಎಳೆಯುತ್ತ ನಿಲ್ದಾಣದ ಕಡೆ ಹೊರಟರು. ಅಲ್ಲಿ ಯಾರೋ ಮುದುಕರು ಯಾವ ಬಸ್ಸು ಹತ್ತುವುದೆಂದು ತಿಳಿಯದೆ ನಿಂತಿದ್ದರು, ಅವರಿಗೆ ಸ್ಲೇಟು ತೋರಿಸಬೇಕಿತ್ತು.

ಅಂಗಡಿಯಲ್ಲಿ ಇಬ್ಬರೇ ಉಳಿದರು.

“ಡಾಕ್ಟ್ರು ಹೇಳಿದ್ದು ಇನ್ನೆಷ್ಟು ದಿನ?” ಬಸವೇಶ ಪಿಸುಗುಟ್ಟಿದ.

“ಮೂವತ್ತೆಂಟು.”

“ಅಷ್ಟು ದಿನ ಕಾಯ್ಬೇಕಾ?”

“ಕಾಯೋದು ಕಲ್ಸಿದ್ದು ನೀವೇ ಅಲ್ವಾ?”

“ಸೊನ್ನೆಗೆ ಬಂದ್ಮೇಲೆ ಮತ್ತೆ ಹದಿನೈದಕ್ಕೆ ಓಗ್ಬುಟ್ರೆ?”

ಕೋಮಲ ಅವನ ಬೆರಳ ತುದಿಯ ಕಪ್ಪನ್ನು ತನ್ನ ಸೆರಗಿನಿಂದ ಮೆಲ್ಲಗೆ ಒರೆಸಿದಳು.

“ಓಗಲ್ಲ” ಎಂದಳು. “ಈ ಗಡಿಯಾರ ನಿಜದ್ದು.”